ಹೆಡ್‌ಮಾಸ್ಟರ್ ಕುರ್ಚಿಗೂ ಒಂದು ಓದು ಬೇಕು: ಸಚಿವರಿಗೆ, ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ಮತ್ತು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ನಮಸ್ಕಾರ.

ನಾನು ಧಾರವಾಡ ಸೀಮೆಯ ಹಳ್ಳಿಗಳಲ್ಲಿ 32 ವರ್ಷ ಪಾಠ ಮಾಡಿ ನಿವೃತ್ತಳಾದವಳು. ನಮ್ಮ ಕಡೆ ಮಕ್ಕಳು ಟೀಚರನ್ನು ‘ಅಕ್ಕೋರೇ’ ಅಂತ ಕರೆಯುತ್ತಾರೆ. ಕೊನೆಯ 11 ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ದೆಹಲಿಯಲ್ಲಿ ನೀಪಾ ಅಂತ ಒಂದು ಸಂಸ್ಥೆ ಇದೆ. ಶಾಲೆ ನಡೆಸುವವರಿಗೆ, ಶಾಲೆಗಳ ಮೇಲಿನ ಅಧಿಕಾರಿಗಳಿಗೆ ಅವರ ಕೆಲಸ ಕಲಿಸುವುದೇ ಅದರ ಕೆಲಸ. 60 ವರ್ಷಕ್ಕೂ ಜಾಸ್ತಿ ಹಳೆಯದು. ಅದರ ಕಥೆಯನ್ನು ನಿಮಗೆ ಹೇಳಿ, ಅಂಥದ್ದೊಂದು ವಿಭಾಗವನ್ನು ನಮ್ಮ ವಿಶ್ವವಿದ್ಯಾಲಯದಲ್ಲಿ, ನಮ್ಮ ಕನ್ನಡದಲ್ಲಿ ಶುರು ಮಾಡಿ ಎಂದು ಕೇಳಲು ಈ ಪತ್ರ.

ಮೊದಲು ನಾನು ಚಾರ್ಜ್ ತೆಗೆದುಕೊಂಡ ದಿನದ ಬಗ್ಗೆ ಹೇಳಬೇಕು.

ಬಡ್ತಿ ಆದೇಶ ಶನಿವಾರ ಕೈಗೆ ಬಂತು. ಸೋಮವಾರ ಬೆಳಿಗ್ಗೆ ಹೊಸ ಊರಿನ ಶಾಲೆಯಲ್ಲಿದ್ದೆ. ಮೇಜಿನ ಮೇಲೆ ಬೀಗದ ಕೈಗಳ ಗೊಂಚಲು, ನಗದು ಪುಸ್ತಕ, ದಾಖಲಾತಿ ವಹಿ, ಸ್ಟಾಕ್ ರಿಜಿಸ್ಟರ್, ಬಿಸಿಯೂಟದ ಲೆಕ್ಕದ ಪುಸ್ತಕ ಇಟ್ಟಿದ್ದರು. ಹಿಂದಿನ ಮುಖ್ಯೋಪಾಧ್ಯಾಯರಿಗೆ ಮಧ್ಯಾಹ್ನದ ಬಸ್ಸು ಹಿಡಿಯುವ ಅವಸರ. ಚಾರ್ಜ್ ಲಿಸ್ಟಿನಲ್ಲಿ ಅಕ್ಕಿ 9 ಚೀಲ ಅಂತ ಇತ್ತು. ಅಡುಗೆ ಕೋಣೆಯ ಮೂಲೆಗೆ ಹೋಗಿ ಎಣಿಸಿದೆ. 7 ಇದ್ದವು. ‘ಎರಡು ಚೀಲ ಬಾಜೂ ಊರಿನ ಸಾಲಿಗೆ ಕೈಗಡ ಕೊಟ್ಟೇವ್ರೀ ಅಕ್ಕೋರೇ, ಮುಂದಿನ ತಿಂಗಳು ಬರ್ತಾವು, ಸಹಿ ಮಾಡ್ರಿ’ ಅಂದರು. ಅವರು ಸುಳ್ಳು ಹೇಳುವವರಲ್ಲ. ಒಂದು ಶಾಲೆಯಲ್ಲಿ ಅಕ್ಕಿ ಮುಗಿದರೆ ಪಕ್ಕದ ಶಾಲೆಯವರು ಕೊಟ್ಟೇ ಕೊಡುತ್ತಾರೆ, ಮಕ್ಕಳನ್ನು ಉಪವಾಸ ಕಳಿಸಲು ಆಗುತ್ತದೆಯೇ? ನಾನು ಸಹಿ ಮಾಡಿದೆ. ಆ ಚೀಲಗಳು ವಾಪಸ್ ಬರಲೇ ಇಲ್ಲ. ಮರುವರ್ಷ ಆಡಿಟ್‌ನವರು ಕೇಳಿದರು. ಪೇಪರಿನ ಮೇಲೆ 9 ಚೀಲಕ್ಕೆ ನನ್ನ ಸಹಿ ಇತ್ತು. ದುಡ್ಡು ನಾನೇ ಕಟ್ಟಿದೆ.

ದುಡ್ಡು ಹೋದದ್ದು ದೊಡ್ಡ ಮಾತಲ್ಲ. ಸಹಿಯ ಮೇಲೆ ‘ಎಣಿಸಿದಾಗ 7 ಚೀಲ ಮಾತ್ರ ಇದ್ದವು’ ಎಂದು ಒಂದು ಸಾಲು ಬರೆಯಬಹುದಿತ್ತು. ಹಾಗೆ ಬರೆಯುವ ಹಕ್ಕು ನನಗಿದೆ ಅಂತಲೇ ಗೊತ್ತಿರಲಿಲ್ಲ. 21 ವರ್ಷ ಪಾಠ ಮಾಡಿದ್ದೆ. ಭಾಗಾಕಾರ ಹೇಗೆ ಕಲಿಸಬೇಕು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ಶಾಲೆ ನಡೆಸುವುದು ಬೇರೆಯದೇ ಕೆಲಸ. ಅದನ್ನು ಯಾರೂ ಕಲಿಸಿರಲಿಲ್ಲ. ಮೊದಲ ತರಬೇತಿ ಸಿಕ್ಕಿದ್ದು ಚಾರ್ಜ್ ತೆಗೆದುಕೊಂಡು 20 ತಿಂಗಳಾದ ಮೇಲೆ. ಅದೂ ಮೂರೇ ದಿನ. ಸುತ್ತೋಲೆಗಳನ್ನು ಓದಿ ಹೇಳಿದರು, ನಾವು ಬರೆದುಕೊಂಡೆವು, ಊಟ ಮಾಡಿ ಮನೆಗೆ ಬಂದೆವು.

ಕೆ.ಎ.ಎಸ್. ಪಾಸಾದವರನ್ನು ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೆ ಕಳಿಸುತ್ತೀರಿ. ಪೊಲೀಸರಿಗೆ ತರಬೇತಿ ಶಾಲೆ ಇದೆ. ಬ್ಯಾಂಕಿನವರಿಗೆ ಇದೆ. 300 ಮಕ್ಕಳು, ಎಂಟು ಶಿಕ್ಷಕರು, ಮೂವರು ಅಡುಗೆಯವರು ಇರುವ ಶಾಲೆಯ ಹೊಣೆಯನ್ನು ಮಾತ್ರ ಶನಿವಾರದ ಆದೇಶದ ಮೇಲೆ ಸೋಮವಾರ ಹೊರಿಸುತ್ತೀರಿ.

ಇನ್ನು ದೆಹಲಿಯ ಆ ಸಂಸ್ಥೆಗೆ ಬರುತ್ತೇನೆ. ಅದರ ಈಗಿನ ಹೆಸರು ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ. ಎಲ್ಲರೂ ‘ನೀಪಾ’ ಅನ್ನುತ್ತಾರೆ. ಅರವಿಂದೋ ಮಾರ್ಗದಲ್ಲಿ ಎನ್‌ಸಿಇಆರ್‌ಟಿಯ ಪಕ್ಕದಲ್ಲೇ ಇದೆ.

ಅದು ಹುಟ್ಟಿದ್ದು 1962ರಲ್ಲಿ. ಆಗ ಏಷ್ಯಾದ ದೇಶಗಳು ಒಂದೊಂದಾಗಿ ಸ್ವತಂತ್ರವಾಗಿದ್ದವು. 1960ರ ಆರಂಭದಲ್ಲಿ ಯುನೆಸ್ಕೋ ಕರಾಚಿಯಲ್ಲಿ ಸಭೆ ಕರೆದಿತ್ತು. 1980ರೊಳಗೆ ಎಲ್ಲ ಮಕ್ಕಳಿಗೆ ಕನಿಷ್ಠ 7 ವರ್ಷದ ಉಚಿತ, ಕಡ್ಡಾಯ ಶಿಕ್ಷಣ ಕೊಡಬೇಕು ಎಂದು ಅಲ್ಲಿ ಗುರಿ ಹಾಕಿಕೊಂಡರು. ಶಾಲೆ ಕಟ್ಟಬಹುದು, ಶಿಕ್ಷಕರನ್ನು ನೇಮಿಸಬಹುದು. ಆದರೆ ಎಲ್ಲಿ ಎಷ್ಟು ಶಾಲೆ ಬೇಕು, ದುಡ್ಡು ಎಷ್ಟು, ಯಾರು ನೋಡಿಕೊಳ್ಳಬೇಕು ಎಂದು ಲೆಕ್ಕ ಹಾಕುವ ಜನ ಎಲ್ಲಿದ್ದಾರೆ? ಆ ಪ್ರಶ್ನೆಗೆ ಉತ್ತರವಾಗಿ ಯುನೆಸ್ಕೋ ಮತ್ತು ಭಾರತ ಸರ್ಕಾರ ಸೇರಿ ದೆಹಲಿಯಲ್ಲಿ ಶೈಕ್ಷಣಿಕ ಯೋಜಕರು, ಆಡಳಿತಗಾರರು ಮತ್ತು ಮೇಲ್ವಿಚಾರಕರಿಗಾಗಿ ಏಷ್ಯಾ ಮಟ್ಟದ ಒಂದು ಕೇಂದ್ರ ತೆರೆದವು. ಇದೇ ಕೆಲಸಕ್ಕೆ ಯುನೆಸ್ಕೋ ಪ್ಯಾರಿಸ್‌ನಲ್ಲಿ ತನ್ನ ಅಂತರರಾಷ್ಟ್ರೀಯ ಸಂಸ್ಥೆ ತೆರೆದದ್ದು 1963ರಲ್ಲಿ. ದೆಹಲಿ ಪ್ಯಾರಿಸ್‌ಗಿಂತ ಒಂದು ವರ್ಷ ಮೊದಲು! ಇದು ನನಗೆ ತುಂಬಾ ಹೆಮ್ಮೆಯ ವಿಷಯ.

1965ರಲ್ಲಿ ಅದಕ್ಕೆ ಏಷ್ಯನ್ ಇನ್‌ಸ್ಟಿಟ್ಯೂಟ್ ಎಂಬ ಹೆಸರು ಬಂತು. ಅಷ್ಟರಲ್ಲಿ, ಇಡೀ ದೇಶದ ಶಿಕ್ಷಣವನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ ಕೊಠಾರಿ ಆಯೋಗ ಕೆಲಸ ಶುರು ಮಾಡಿತ್ತು. 1966ರಲ್ಲಿ ಆಯೋಗ ವರದಿ ಕೊಟ್ಟಾಗ ಶಿಕ್ಷಣದ ಆಡಳಿತಗಾರರಿಗೆ ಒಂದು ರಾಷ್ಟ್ರೀಯ ಸ್ಟಾಫ್ ಕಾಲೇಜು ಬೇಕು ಎಂಬ ಸಲಹೆ ಅದರಲ್ಲಿತ್ತು. ಸ್ಟಾಫ್ ಕಾಲೇಜು ಅನ್ನುವುದು ಸೈನ್ಯದವರ ಮಾತು. ಊಟಿ ಹತ್ತಿರದ ವೆಲ್ಲಿಂಗ್ಟನ್‌ನಲ್ಲಿ ಅಂಥ ಕಾಲೇಜಿದೆ. ಚೆನ್ನಾಗಿ ಗುಂಡು ಹಾರಿಸುತ್ತಾನೆ ಅಂತ ಯಾರನ್ನೂ ದೊಡ್ಡ ಹುದ್ದೆಯಲ್ಲಿ ಕೂರಿಸುವುದಿಲ್ಲ. ಅದಕ್ಕೆ ಬೇರೆ ಓದು ಇದೆ. ಚೆನ್ನಾಗಿ ಪಾಠ ಮಾಡುವವರ ವಿಷಯದಲ್ಲೂ ಹಾಗೇ ಆಗಬೇಕು ಎಂದು ಆಯೋಗಕ್ಕೆ ಅನ್ನಿಸಿತ್ತು.

ಆ ಆಯೋಗದ ಸದಸ್ಯ ಕಾರ್ಯದರ್ಶಿ ಜೆ.ಪಿ. ನಾಯಕ್. ಹುಟ್ಟಿದ್ದು ಕೊಲ್ಹಾಪುರದ ಕಡೆ, 1907ರಲ್ಲಿ. ದೇಶದ ಶಿಕ್ಷಣ ನೀತಿಯ ಮಾತು ಬಂದಾಗಲೆಲ್ಲ ಅವರ ಹೆಸರು ಬರುತ್ತದೆ. ಆದರೆ ಅವರು ನಮ್ಮ ಧಾರವಾಡ ತಾಲೂಕಿನ ಉಪ್ಪಿನ ಬೆಟಗೇರಿಯಲ್ಲಿ ಇದ್ದರು ಎಂಬುದು ಇಲ್ಲಿಯ ಶಿಕ್ಷಕರಲ್ಲೇ ಎಷ್ಟು ಜನರಿಗೆ ಗೊತ್ತು? 1930ರ ದಶಕದಲ್ಲಿ, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದ ಮೇಲೆ, ಆ ಹಳ್ಳಿಯಲ್ಲಿ ನೆಲೆಸಿ ಶಿಕ್ಷಣ, ಆರೋಗ್ಯ ಅಂತ ಊರಿನ ಕೆಲಸ ಮಾಡಿದರು. ಮುಂದೆ ದೆಹಲಿಯಲ್ಲಿ ಕೂತು ಇಡೀ ದೇಶದ ಶಾಲೆಗಳ ಬಗ್ಗೆ ಬರೆದ ಮನುಷ್ಯ ಹಳ್ಳಿಯ ಶಾಲೆಯನ್ನು ನೋಡಿದ್ದು ನಮ್ಮ ಮಣ್ಣಿನಲ್ಲಿ. ಆ ಕಡೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ಅವರ ನೆನಪು ಬರುತ್ತದೆ.

1970ರ ಹೊತ್ತಿಗೆ ಭಾರತ ಸರ್ಕಾರ ಏಷ್ಯನ್ ಸಂಸ್ಥೆಯನ್ನು ತನ್ನ ಕೈಗೆ ತೆಗೆದುಕೊಂಡು ಅದನ್ನು ನ್ಯಾಷನಲ್ ಸ್ಟಾಫ್ ಕಾಲೇಜು ಮಾಡಿತು. 1979ರಲ್ಲಿ ಅದು ನೀಪಾ ಆಯಿತು. ಆಮೇಲಿನ ವರ್ಷಗಳಲ್ಲಿ ಭೂಗೋಳ ಶಾಸ್ತ್ರಜ್ಞ ಮೂನಿಸ್ ರಜಾ ಅದರ ನಿರ್ದೇಶಕರಾಗಿದ್ದರು. 2006ರ ಆಗಸ್ಟ್‌ನಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು, ಅಂದರೆ ವಿಶ್ವವಿದ್ಯಾಲಯದ ಸ್ಥಾನ ಪಡೆದ ಸಂಸ್ಥೆ, ಹೆಸರು ನ್ಯೂಪಾ. 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಡೀಮ್ಡ್ ಸಂಸ್ಥೆಗಳು ‘ವಿಶ್ವವಿದ್ಯಾಲಯ’ ಎಂಬ ಪದವನ್ನು ಹೆಸರಿನಲ್ಲಿ ಬಳಸಬಾರದು ಎಂದಾಯಿತು. ಮತ್ತೆ ನೀಪಾ. ಹೆಸರುಗಳ ಈ ಪಟ್ಟಿಯನ್ನು ನೀವು ಬೇಗ ದಾಟಿ ಹೋಗಬಹುದು. ನನಗೆ ಮುಖ್ಯ ಅನ್ನಿಸಿದ್ದು ಅಲ್ಲಿ ಕಲಿಸಿದ ರೀತಿ.

ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗಾಗಿ ಅಲ್ಲಿ ಒಂದು ಡಿಪ್ಲೊಮಾ ಇತ್ತು. ಆರು ತಿಂಗಳದ್ದು. ಮೊದಲ ಮೂರು ತಿಂಗಳು ದೆಹಲಿಯಲ್ಲೇ ಇದ್ದು ಓದಬೇಕು. ಯೋಜನೆ ಮಾಡುವುದು, ಲೆಕ್ಕಪತ್ರ, ಸಿಬ್ಬಂದಿ ವಿಷಯ, ಅಂಕಿಸಂಖ್ಯೆ ಓದುವುದು. ಉಳಿದ ಮೂರು ತಿಂಗಳು ತಮ್ಮ ಜಿಲ್ಲೆಗೆ ವಾಪಸ್ ಬಂದು, ತಮ್ಮ ಕೆಲಸದಲ್ಲಿರುವ ಒಂದು ನಿಜವಾದ ಸಮಸ್ಯೆಯನ್ನು ಹಿಡಿದು ಅದರ ಮೇಲೆ ಕೆಲಸ ಮಾಡಬೇಕು. ಆಮೇಲೆ ಮತ್ತೆ ದೆಹಲಿಗೆ ಹೋಗಿ ಎಲ್ಲರ ಮುಂದೆ ವರದಿ ಒಪ್ಪಿಸಬೇಕು.

ಇದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. 1990ರ ದಶಕದ ಕೊನೆಯಲ್ಲಿ ನಾನು ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಆಗ ನಮ್ಮಲ್ಲಿ ನಾಲ್ಕನೇ ತರಗತಿವರೆಗೆ ಮಾತ್ರ. ಒಂದು ದಿನ ನಮ್ಮ ಜಿಲ್ಲೆಯ ಅಧಿಕಾರಿಯೊಬ್ಬರು ಬಂದರು. ಅಧಿಕಾರಿ ಬಂದರೆ ಸಾಮಾನ್ಯವಾಗಿ ಹಾಜರಿ ಪುಸ್ತಕ ನೋಡುತ್ತಾರೆ, ಒಬ್ಬ ಹುಡುಗನಿಂದ ಮಗ್ಗಿ ಹೇಳಿಸುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಇವರು ಬೆಂಚಿನ ಮೇಲೆ ಕೂತು ಕೇಳಿದರು: ‘ಅಕ್ಕೋರೇ, ಹೋದ ವರ್ಷ ನಾಲ್ಕನೇತ್ತೆ ಪಾಸಾದ ಹೆಣ್ಣುಹುಡುಗರು ಈಗ ಎಲ್ಲಿ ಓದಾಕ್ಹತ್ಯಾರ್ರಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಟಿ.ಸಿ. ಕೊಟ್ಟ ಮೇಲೆ ನಮ್ಮ ಕೆಲಸ ಮುಗಿಯಿತು ಅಂತ ತಿಳಿದಿದ್ದೆ.

ಅವರು ಬೈಯಲಿಲ್ಲ. ದಾಖಲಾತಿ ವಹಿ ತೆಗೆಸಿದರು. ಇಬ್ಬರೂ ಕೂತು ಹೆಸರು ಬರೆದೆವು. ಒಟ್ಟು 11 ಹುಡುಗಿಯರು. ಸಂಜೆ ಊರಲ್ಲಿ ಮನೆ ಮನೆಗೆ ಹೋದೆವು. ಐದನೇ ತರಗತಿಗೆ ಸೇರಿದವರು ನಾಲ್ಕೇ ಜನ. ಉಳಿದ ಏಳು ಜನರಲ್ಲಿ ಇಬ್ಬರ ಟಿ.ಸಿ. ಮನೆಯ ದೇವರ ಗೂಡಿನಲ್ಲೇ ಇತ್ತು. ಮಡಚಿ, ಅರಿಶಿನದ ಡಬ್ಬಿಯ ಕೆಳಗೆ ಇಟ್ಟಿದ್ದರು. ಮುಂದಿನ ಶಾಲೆ ಹಳ್ಳದ ಆಚೆ. ಜೂನ್‌ನಲ್ಲಿ ಶಾಲೆ ಸೇರಿಸುವ ಹೊತ್ತಿಗೇ ಮಳೆ, ಹಳ್ಳದಲ್ಲಿ ನೀರು. ‘ನೀರು ಇಳದ ಮ್ಯಾಲೆ ಕಳಸೋಣ’ ಅಂತ ಅವ್ವಂದಿರು ಅಂದುಕೊಂಡಿದ್ದರು. ನೀರು ಇಳಿಯುವ ಹೊತ್ತಿಗೆ ಹೊಲದಲ್ಲಿ ಕಳೆ ಕೀಳುವ ಕೆಲಸ ಬಂತು. ಆಮೇಲೆ ಯಾರೂ ಕಳಿಸಲಿಲ್ಲ.

ಅವರು ಹೇಳಿದ ಪರಿಹಾರ ತುಂಬಾ ಸರಳ. ಏಪ್ರಿಲ್‌ನಲ್ಲಿ, ಮಳೆಗೆ ಮೊದಲೇ, ನಾನೇ ಮಕ್ಕಳನ್ನು ಕರೆದುಕೊಂಡು ಆ ಶಾಲೆಗೆ ಹೋಗಿ ಟಿ.ಸಿ. ಒಪ್ಪಿಸಿ ಹೆಸರು ಹಚ್ಚಿಸಿ ಬರುವುದು. ಹೆಸರು ಹತ್ತಿದರೆ ಆ ಶಾಲೆಯ ಮಾಸ್ತರರೂ ಹುಡುಕಿಕೊಂಡು ಬರುತ್ತಾರೆ. ಮುಂದಿನ ವರ್ಷ ಹಾಗೆ ಮಾಡಿದೆ. ಒಂಬತ್ತು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ದೀಪಾವಳಿ ರಜೆ ಮುಗಿದ ಮೇಲೆ ಹೋಗಿ ನೋಡಿದರೆ ಎಂಟು ಜನ ತರಗತಿಯಲ್ಲಿ ಕೂತಿದ್ದರು. ಇಂಥ ಪ್ರಶ್ನೆ ಎಲ್ಲಿ ಕಲಿತಿರಿ ಸಾರ್ ಎಂದು ಕೇಳಿದಾಗ ಅವರು ನೀಪಾ ಹೆಸರು ಹೇಳಿದರು. ನಮ್ಮ ಶಾಲೆ ಅವರ ಮೂರು ತಿಂಗಳ ಪ್ರಾಜೆಕ್ಟಿನ ಒಂದು ಭಾಗವಾಗಿತ್ತು.

ಮಾನ್ಯರೇ, ಶಿಕ್ಷಣದ ನಾಯಕತ್ವ ಅಂತ ಈಗ ದೊಡ್ಡ ದೊಡ್ಡ ಮಾತು ಕೇಳುತ್ತೇವೆ. ನನ್ನ ಕಣ್ಣಿಗೆ ಕಂಡದ್ದು ಬೆಂಚಿನ ಮೇಲೆ ಕೂತು ಕೇಳಿದ ಆ ಒಂದು ಪ್ರಶ್ನೆ. ಅದನ್ನು ಕಲಿಸಲು ಸಾಧ್ಯವಿದೆ. ಕಲಿತು ಬಂದವರನ್ನು ನಾನು ನೋಡಿದ್ದೇನೆ.

ಇನ್ನೊಂದು ವಿಷಯ. 1994ರಲ್ಲಿ ಡಿ.ಪಿ.ಇ.ಪಿ., ಅಂದರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲ ಹಂತಕ್ಕೆ ಕೋಲಾರ, ಮಂಡ್ಯ, ರಾಯಚೂರು, ಬೆಳಗಾವಿ ಜಿಲ್ಲೆಗಳು ಸೇರಿದ್ದವು. ಧಾರವಾಡ ಎರಡನೇ ಹಂತದಲ್ಲಿ ಬಂತು. ಆ ಯೋಜನೆಗಾಗಿ ಪ್ರತಿ ಶಾಲೆಯ ಮಾಹಿತಿ ಸೇರಿಸಲು ಒಂದು ಫಾರ್ಮು ತಯಾರಾಯಿತು. ಅದೇ ಡೈಸ್. ಸೆಪ್ಟೆಂಬರ್ 30ಕ್ಕೆ ಇದ್ದಂತೆ ಮಕ್ಕಳೆಷ್ಟು, ಕೋಣೆಯೆಷ್ಟು, ಶೌಚಾಲಯ ಇದೆಯೋ ಇಲ್ಲವೋ, ಎಲ್ಲ ತುಂಬಬೇಕು. ಮುಂದೆ ಅದೇ ಯೂ-ಡೈಸ್ ಆಯಿತು. ರಾಜ್ಯದ ಯಾವ ಮುಖ್ಯೋಪಾಧ್ಯಾಯರನ್ನು ಕೇಳಿದರೂ ಆ ಫಾರ್ಮಿನ ಬಗ್ಗೆ ಹೇಳುತ್ತಾರೆ. ಅದನ್ನು ರೂಪಿಸಿದ್ದು ನೀಪಾ, ಯುನಿಸೆಫ್ ನೆರವಿನಿಂದ. ನನಗೆ ಇದು ನಿವೃತ್ತಿಗೆ ಹತ್ತಿರ ಬಂದಾಗ ಗೊತ್ತಾಯಿತು.

ವರ್ಷ ವರ್ಷ ತುಂಬಿಕೊಟ್ಟೆವು. ತುಂಬಿದ್ದನ್ನು ಓದುವುದು ಹೇಗೆ ಎಂದು ನಮಗೆ ಯಾರೂ ಹೇಳಲಿಲ್ಲ. ಎರಡನೇ ತರಗತಿಯಲ್ಲಿ 40 ಮಕ್ಕಳು, ಮರುವರ್ಷ ಮೂರನೇ ತರಗತಿಯಲ್ಲಿ 31. ಒಂಬತ್ತು ಮಕ್ಕಳು ಎಲ್ಲಿಗೆ ಹೋದರು? ನಮ್ಮ ಕೈಬರಹದಲ್ಲೇ ಇತ್ತು ಆ ಪ್ರಶ್ನೆ. ನಾವು ಫಾರ್ಮನ್ನು ಸುತ್ತಲಿನ ಶಾಲೆಗಳ ಕ್ಲಸ್ಟರ್ ಕೇಂದ್ರಕ್ಕೆ ಒಪ್ಪಿಸಿ ನಿಟ್ಟುಸಿರು ಬಿಟ್ಟೆವು. ದೆಹಲಿಯಲ್ಲಿ ಫಾರ್ಮು ಮಾಡಿದವರಿಗೂ ಹಳ್ಳಿಯಲ್ಲಿ ಫಾರ್ಮು ತುಂಬಿದವರಿಗೂ ನಡುವೆ ಕಲಿಸುವ ಒಂದು ಜಾಗ ಇರಬೇಕಿತ್ತು. ಅದು ಇಲ್ಲದಿದ್ದುದೇ ನನ್ನ ದೊಡ್ಡ ದುಃಖ.

ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. 1986ರ ಶಿಕ್ಷಣ ನೀತಿಯಿಂದ ಡಯಟ್‌ಗಳು, ಅಂದರೆ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಗಳು, ಬಂದವು. ಅವುಗಳಲ್ಲಿ ಯೋಜನೆ ಮತ್ತು ನಿರ್ವಹಣೆಗೆ ಒಂದು ವಿಭಾಗವೇ ಇದೆ. ಧಾರವಾಡದಲ್ಲಿ ಮೊದಲು ಶಿಕ್ಷಣ ನಿರ್ವಹಣೆಯ ತರಬೇತಿಗೆ ಸೀಮ್ಯಾಟ್ ಎಂಬ ಸಂಸ್ಥೆ ಇತ್ತು, ಈಗ ಸಿಸ್ಲೆಪ್ ಎಂಬ ಹೆಸರಿನಲ್ಲಿ ಶಾಲಾ ನಾಯಕತ್ವದ ರಾಜ್ಯ ಸಂಸ್ಥೆ ಇದೆ. ನೀಪಾ ಕೂಡ 2012ರಲ್ಲಿ ಶಾಲಾ ನಾಯಕತ್ವಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ ತೆರೆದು, ರಾಜ್ಯಗಳ ಜೊತೆ ಕೆಲಸ ಮಾಡುತ್ತಿದೆ. ಆನ್‌ಲೈನ್ ಕೋರ್ಸುಗಳಿವೆ. ಒಳ್ಳೆಯದೇ. ಆದರೆ ಕರ್ನಾಟಕದಲ್ಲಿ ಸರ್ಕಾರಿ ಶಾಲೆಗಳೇ 40 ಸಾವಿರಕ್ಕೂ ಜಾಸ್ತಿ. ದೆಹಲಿಯ ಒಂದು ಕ್ಯಾಂಪಸ್ಸು ಎಷ್ಟು ಜನರನ್ನು ಕೂರಿಸಿಕೊಂಡು ಕಲಿಸಲು ಆಗುತ್ತದೆ? ಅದೂ ಇಂಗ್ಲಿಷ್, ಹಿಂದಿಯಲ್ಲಿ. ಬಿಸಿಯೂಟದ ಅಡುಗೆಯವರ ಜಗಳ ಬಿಡಿಸುವುದು, ಪೋಷಕರ ಸಮಿತಿಯಾದ ಎಸ್.ಡಿ.ಎಂ.ಸಿ.ಯ ಅಧ್ಯಕ್ಷರ ಜೊತೆ ಮಾತಾಡುವುದು, ಕುಡಿದು ಬರುವ ಶಿಕ್ಷಕನಿಗೆ ನೋಟಿಸ್ ಬರೆಯುವುದು, ಇವೆಲ್ಲ ನಡೆಯುವುದು ಕನ್ನಡದಲ್ಲಿ. ಅದನ್ನು ಕಲಿಯಬೇಕಾದ್ದೂ ಕನ್ನಡದಲ್ಲೇ ಅಲ್ವಾ?

ಹಾಗಾದರೆ ವಿಶ್ವವಿದ್ಯಾಲಯವೇ ಯಾಕೆ, ಇಲಾಖೆಯೇ ತರಬೇತಿ ಕೊಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಇಲಾಖೆ ತನ್ನ ಸುತ್ತೋಲೆಯನ್ನು ತಾನೇ ಪ್ರಶ್ನೆ ಮಾಡುವುದಿಲ್ಲ. ವಿಶ್ವವಿದ್ಯಾಲಯ ಮಾಡಬಹುದು. ಕಲಿಸುವವರೇ ಸಂಶೋಧನೆಯನ್ನೂ ಮಾಡಿದರೆ, ಹೋದ ವರ್ಷ ಹಾವೇರಿಯ ಶಾಲೆಯಲ್ಲಿ ಕಂಡದ್ದು ಈ ವರ್ಷದ ಪಾಠಕ್ಕೆ ಬರುತ್ತದೆ. ನೀಪಾದ ಕಥೆಯಲ್ಲಿ ನನಗೆ ಇಷ್ಟವಾದದ್ದು ಅದೇ. ಅಲ್ಲಿ ರಾಜ್ಯ ರಾಜ್ಯಗಳ ಶಿಕ್ಷಣ ಆಡಳಿತದ ಸಮೀಕ್ಷೆ ಮಾಡಿದರು, ಅದೇ ಜನ ಅಧಿಕಾರಿಗಳಿಗೆ ಪಾಠವನ್ನೂ ಮಾಡಿದರು. ಡೀಮ್ಡ್ ವಿಶ್ವವಿದ್ಯಾಲಯವಾದ ಮೇಲೆ ಎಂ.ಫಿಲ್., ಪಿಎಚ್.ಡಿ. ಓದುವ ಹುಡುಗ ಹುಡುಗಿಯರೂ ಬಂದರು. ನಮ್ಮಲ್ಲಿ ಬಿ.ಎಡ್., ಎಂ.ಎಡ್. ಓದುವಾಗ ಶಾಲಾ ಆಡಳಿತ ಅಂತ ಒಂದು ಪೇಪರ್ ಇರುತ್ತದೆ. ಪರೀಕ್ಷೆ ಬರೆದು ಮರೆಯುವ ಪೇಪರ್ ಅದು, ಯಾಕೆಂದರೆ ಆಗ ನಮಗೆ ಶಾಲೆಯೇ ಗೊತ್ತಿರುವುದಿಲ್ಲ. ಅದು ಬೇಕಾಗುವುದು 20 ವರ್ಷ ಆದ ಮೇಲೆ.

ಧಾರವಾಡದಲ್ಲೇ ಶುರು ಮಾಡಿ ಎಂದು ಕೇಳಿದರೆ ಊರಿನ ಮೇಲಿನ ಪ್ರೀತಿ ಅಂದುಕೊಳ್ಳಬೇಡಿ. ಪ್ರೀತಿ ಇದೆ, ಆದರೆ ಕಾರಣವೂ ಇದೆ. ಇಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಇದ್ದರು. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡರು. ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದು, ಆಮೇಲೆ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರ್ ಆದರು. ಮರಾಠಿ ಮೆರೆಯುತ್ತಿದ್ದ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ತೆರೆಸಿದರು. ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ಒಬ್ಬ ಶಿಕ್ಷಣಾಧಿಕಾರಿಯ ಹುದ್ದೆಯನ್ನು ಜನ ಅಷ್ಟು ಗೌರವದಿಂದ ನೆನಪಿಟ್ಟುಕೊಂಡ ಊರು ಇದು. ಸ್ವತಃ ಶಿಕ್ಷಣಾಧಿಕಾರಿಯಾಗಿ, ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಇಲ್ಲಿಯ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಅದನ್ನು ಕಟ್ಟಿದರು. ವಿಶ್ವವಿದ್ಯಾಲಯ ಇದೆ, ಡಯಟ್ ಇದೆ, ಸಿಸ್ಲೆಪ್ ಇದೆ, ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿ ಇದೆ. ಎಲ್ಲ ಒಂದೇ ಊರಲ್ಲಿ. ಹೊಸ ಕಟ್ಟಡವೇ ಬೇಡ. ಕಲಬುರಗಿಯಲ್ಲಿ ಎರಡನೆಯದನ್ನು ಆಮೇಲೆ ತೆರೆಯಬಹುದು. ಅಲ್ಲಿಗೂ ಇದು ಇಷ್ಟೇ ಅಗತ್ಯ.

ನಾನು ಕೇಳುವುದು ಇಷ್ಟು. ಬಡ್ತಿ ಪಟ್ಟಿಯಲ್ಲಿ ಹೆಸರಿರುವವರನ್ನು ಕುರ್ಚಿಯಲ್ಲಿ ಕೂರುವ ಮೊದಲೇ ಕರೆಸಿ. ನೀಪಾ ಮಾಡಿದಂತೆ ಅರ್ಧ ಓದು ತರಗತಿಯಲ್ಲಿ, ಅರ್ಧ ಓದು ಅವರದೇ ಶಾಲೆಯಲ್ಲಿ ಆಗಲಿ. ಕೆ.ಪಿ.ಎಸ್.ಸಿ. ಮೂಲಕ ನೇರವಾಗಿ ಬರುವ ಬಿ.ಇ.ಓ.ಗಳೂ (ಕ್ಷೇತ್ರ ಶಿಕ್ಷಣಾಧಿಕಾರಿಗಳೂ) ಅದೇ ಬೆಂಚಿನ ಮೇಲೆ ಮುಖ್ಯೋಪಾಧ್ಯಾಯರ ಪಕ್ಕದಲ್ಲಿ ಕೂತು ಓದಲಿ. ಪಾಠ ಮಾಡುವ ಪ್ರಾಧ್ಯಾಪಕರು ತಿಂಗಳಿಗೆ ಎರಡು ದಿನವಾದರೂ ಒಂದು ಹಳ್ಳಿ ಶಾಲೆಯಲ್ಲಿ ಇರಲೇಬೇಕು ಎಂದು ನಿಯಮ ಮಾಡಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ ಕಾಗದವಾಗುತ್ತದೆ ಎಂಬ ಭಯ ನನಗಿದೆ.

ಪ್ರಭಾರದವರನ್ನು ಮರೆಯಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗಿನ ಶಾಲೆಯಲ್ಲಿ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಮುಖ್ಯ ಶಿಕ್ಷಕರು ಇರಬೇಕು. ನಮ್ಮ ಹಳ್ಳಿಯ ಸಣ್ಣ ಶಾಲೆಗಳಲ್ಲಿ ಅಷ್ಟು ಮಕ್ಕಳೇ ಇಲ್ಲ. ಅಲ್ಲಿ ಇರುವ ಇಬ್ಬರಲ್ಲಿ ಹಿರಿಯರಾದವರು ಪ್ರಭಾರ ನೋಡಿಕೊಳ್ಳುತ್ತಾರೆ. ಗುಮಾಸ್ತರಿಲ್ಲ, ಜವಾನರಿಲ್ಲ. ಎರಡು ತರಗತಿಗೆ ಒಟ್ಟಿಗೆ ಪಾಠ ಮಾಡುತ್ತಾ, ಮೊಬೈಲಿನಲ್ಲಿ ಮಕ್ಕಳ ದಾಖಲೆಯ ಎಸ್.ಎ.ಟಿ.ಎಸ್. ತುಂಬುತ್ತಾ, ಹಾಲಿನ ಪುಡಿಯ ಲೆಕ್ಕ ಇಡುತ್ತಾರೆ. ಅವರಿಗೆ ಹುದ್ದೆಯ ಹೆಸರೂ ಇಲ್ಲ. ಹೊಸ ವಿಭಾಗದ ಮೊದಲ ತರಗತಿಯ ಮುಂದಿನ ಸಾಲು ಅವರದಾಗಲಿ.

ಆ ದಿನದ ಚಾರ್ಜ್ ಲಿಸ್ಟಿನ ಕಾರ್ಬನ್ ಪ್ರತಿ ಇನ್ನೂ ನನ್ನ ಹತ್ತಿರ ಇದೆ. 9 ಚೀಲ ಅಂತ ಬರೆದ ಸಾಲು, ಕೆಳಗೆ ನನ್ನ ಸಹಿ. ಹಾಳೆ ಹಳದಿಯಾಗಿದೆ, ಆದರೆ ಓದಲು ಬರುತ್ತದೆ. ವಿಭಾಗ ಶುರುವಾದ ದಿನ ತಂದು ಕೊಡುತ್ತೇನೆ. ಮೊದಲ ಪಾಠಕ್ಕೆ ಅದನ್ನು ಇಟ್ಟುಕೊಳ್ಳಬಹುದು.

ಇತಿ ತಮ್ಮ ವಿಶ್ವಾಸಿ,
ಧಾರವಾಡ ಜಿಲ್ಲೆಯ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ